ಅವಸರವಿಲ್ಲದ ಮೋಟಾರು ಬೇಕಾಗಿದೆ

ಮಕ್ಕಳೇ, ಈ ವಾರ ಮೊದಲು ಒಂದು ಎಣಿಕೆ. ನಿಮ್ಮ ಮನೆಯಲ್ಲಿ ಎಷ್ಟು ಮೋಟಾರುಗಳಿವೆ? ಪುಸ್ತಕ ಕೆಳಗಿಟ್ಟು ಒಂದು ಸುತ್ತು ಹೋಗಿ ಬನ್ನಿ. ಫ್ಯಾನು, ಮಿಕ್ಸಿ, ಗ್ರೈಂಡರ್, ಫ್ರಿಜ್ಜು, ವಾಷಿಂಗ್ ಮಷೀನು, ಬಾವಿಯ ಪಂಪು. ಅಟ್ಟದ ಮೇಲೂ ಒಮ್ಮೆ ಇಣುಕಿ. ಕಲ್ಲು ಒಡೆದುಹೋದ ಹಳೆಯ ಗ್ರೈಂಡರ್, ರೆಕ್ಕೆ ಮುರಿದ ಟೇಬಲ್ ಫ್ಯಾನು ಅಲ್ಲಿ ಕೂತಿರಬಹುದು. ಅವನ್ನೂ ಎಣಿಸಿ. ಈ ವಾರ ನಮಗೆ ಬೇಕಾಗಿರುವುದು ಅವೇ.

ಯಾಕೆ ಅಂತೀರಾ? ಕಲ್ಲು ಉಜ್ಜಿ ಹೊಳೆಯಿಸುವುದಕ್ಕೆ. ಹೊಳೆದಂಡೆಯಲ್ಲೋ ಗದ್ದೆಯ ಬದುವಿನಲ್ಲೋ ಸಿಕ್ಕ ಒಂದು ಚಂದದ ಕಲ್ಲನ್ನು ಜೇಬಿಗೆ ಹಾಕಿಕೊಂಡು ಬರದ ಮಕ್ಕಳು ಉಂಟೇ? ನೀರಿನಲ್ಲಿದ್ದಾಗ ಮಿರಮಿರ ಮಿಂಚುತ್ತಿದ್ದ ಅದೇ ಕಲ್ಲು ಮನೆಗೆ ಬಂದು ಒಣಗಿದ ಮೇಲೆ ಮಂಕಾಗಿಬಿಡುತ್ತದೆ. ಕಲ್ಲಿನ ಮೈ ತರಿತರಿಯಾಗಿರುವುದೇ ಇದಕ್ಕೆ ಕಾರಣ. ತರಿಗಳ ಮೇಲೆ ಬಿದ್ದ ಬೆಳಕು ಚೆಲ್ಲಾಪಿಲ್ಲಿಯಾಗುತ್ತದೆ. ನೀರು ಆ ತಗ್ಗುಗಳನ್ನು ತುಂಬಿ ಮೇಲ್ಮೈಯನ್ನು ಸಮ ಮಾಡುವುದರಿಂದ ಒದ್ದೆ ಕಲ್ಲು ಹೊಳೆಯುತ್ತದೆ. ತರಿಗಳನ್ನೇ ಉಜ್ಜಿ ತೆಗೆದರೆ ಕಲ್ಲು ಒಣಗಿದಾಗಲೂ ಹೊಳೆಯುತ್ತದೆ.

ಸೊರಬ ತಾಲ್ಲೂಕಿನ ಕುಪ್ಪಗಡ್ಡೆಯ ಒಂದು ಮನೆಯನ್ನು ಮನಸ್ಸಿನಲ್ಲಿ ಕಟ್ಟಿಕೊಳ್ಳೋಣ. ಮನೆಯ ಮುಂದೆ ಗದ್ದೆ, ಹಿಂದೆ ಅಡಿಕೆ ತೋಟ. ಜಗಲಿಯ ಮೇಲೆ ಅಜ್ಜ, ಒಳಗೆ ಅಜ್ಜಿ, ಆರನೇ ತರಗತಿಯ ಮೊಮ್ಮಗಳು. ಅವಳ ಹತ್ತಿರ ಒಂದು ಡಬ್ಬಿ ತುಂಬ ಬಿಳಿ ಬೆಣಚುಕಲ್ಲುಗಳಿವೆ. ಅವುಗಳನ್ನು ಹೊಳೆಯಿಸಬೇಕು. ಅದಕ್ಕೊಂದು ತಿರುಗುವ ಡಬ್ಬ ಬೇಕು, ಡಬ್ಬವನ್ನು ತಿರುಗಿಸಲು ಒಂದು ಮೋಟಾರು ಬೇಕು. ಹೊಸದನ್ನು ಕೊಳ್ಳುವಷ್ಟು ದುಡ್ಡು ಡಬ್ಬಿಯಲ್ಲಿಲ್ಲ. ಹಳೆಯದರಲ್ಲಿ ಯಾವುದು ಆದೀತು?

ಹೊಳೆ ಮಾಡುವ ಕೆಲಸ

ಮೋಟಾರು ಹುಡುಕುವ ಮೊದಲು ಅದು ಮಾಡಬೇಕಾದ ಕೆಲಸ ತಿಳಿಯಬೇಕು. ಹೊಳೆಯ ಕಲ್ಲು ನುಣುಪಾಗುವುದು ಹೇಗೆ? ನೀರು ಅದನ್ನು ಉರುಳಿಸುತ್ತದೆ, ಮರಳು ಉಜ್ಜುತ್ತದೆ, ಕಲ್ಲಿಗೆ ಕಲ್ಲು ತಾಗುತ್ತದೆ. ಇದು ವರ್ಷಗಟ್ಟಲೆ ನಡೆಯುತ್ತದೆ. ತಿರುಗುವ ಡಬ್ಬದೊಳಗೆ ನಡೆಯುವುದೂ ಅದೇ, ಸ್ವಲ್ಪ ಬೇಗ. ಡಬ್ಬದ ಅರ್ಧಕ್ಕಿಂತ ತುಸು ಹೆಚ್ಚು ಕಲ್ಲು, ಕಲ್ಲು ಮುಳುಗಲು ಸ್ವಲ್ಪ ಬಾಕಿ ಇರುವಷ್ಟು ನೀರು, ಜೊತೆಗೆ ಸಿಲಿಕಾನ್ ಕಾರ್ಬೈಡ್ ಎಂಬ ಗಟ್ಟಿ ಪುಡಿ. ಮೊದಲು 80ನೇ ನಂಬರಿನ ದಪ್ಪ ಪುಡಿ, ಆಮೇಲೆ 220, ಆಮೇಲೆ 500, ಕೊನೆಗೆ ಹೊಳಪಿನ ನುಣ್ಣನೆ ಪುಡಿ. ನಂಬರು ಏರಿದಂತೆ ಪುಡಿ ಸಣ್ಣದಾಗುತ್ತದೆ. ಬೆಣಚುಕಲ್ಲಿಗೆ ಒಂದೊಂದು ಹಂತಕ್ಕೆ ಸುಮಾರು ಒಂದು ವಾರ, ಅದೂ ಹಗಲು ರಾತ್ರಿ ತಿರುಗಿದರೆ.

ಲೆಕ್ಕ ಹಾಕಿ. ನಾಲ್ಕು ವಾರ ಎಂದರೆ 28 ದಿನ. ದಿನಕ್ಕೆ 24 ಗಂಟೆಯಂತೆ 672 ಗಂಟೆ. ನಮ್ಮ ಮೋಟಾರು ಇಷ್ಟು ಹೊತ್ತು ದುಡಿಯಬೇಕು. ಎತ್ತುವ ಭಾರ ಮಾತ್ರ ಒಂದೆರಡು ಕಿಲೋ ಅಷ್ಟೇ. ಹಾಗಾದರೆ ನಮಗೆ ಬೇಕಾದದ್ದು ದೊಡ್ಡ ಬಲಭೀಮನೇ? ಅಲ್ಲ. ಗಾಣದ ಎತ್ತಿನಂತೆ ದಣಿಯದೆ ಸುತ್ತುವವನು ಬೇಕು.

ಇಂಥ ತಾಳ್ಮೆ ನಮ್ಮ ದೇಶಕ್ಕೆ ಹೊಸದಲ್ಲ. ಗುಜರಾತಿನ ಖಂಬಾತ್ ಊರು ಅಕೀಕ್ ಕಲ್ಲಿನ ಮಣಿಗಳಿಗೆ ಹೆಸರಾದದ್ದು. ಕರೆಂಟು ಬರುವ ಮೊದಲು ಅಲ್ಲಿ ಮಣಿಗಳನ್ನು ಉಜ್ಜುವ ಪುಡಿಯೊಂದಿಗೆ ಚರ್ಮದ ಚೀಲದಲ್ಲಿ ತುಂಬಿ, ಬಾಯಿ ಕಟ್ಟಿ, ಇಬ್ಬರು ಎದುರುಬದುರು ಕೂತು ಅತ್ತಿಂದಿತ್ತ ಉರುಳಿಸುತ್ತಿದ್ದರು. ದಿನಗಟ್ಟಲೆ ಅದೇ ಕೆಲಸ. ಇಬ್ಬರು ಮನುಷ್ಯರು ಮಾಡುತ್ತಿದ್ದುದನ್ನು ನಾವೀಗ ಒಂದು ಮೋಟಾರಿಗೆ ಒಪ್ಪಿಸಲು ಹೊರಟಿದ್ದೇವೆ.

ಮಿಕ್ಸಿ ಬೇಡ, ಪಂಪೂ ಬೇಡ

“ಅಜ್ಜ, ಮಿಕ್ಸಿ ಮೋಟಾರು ಹಾಕೋಣ. ಭರ್ರ್ ಅಂತ ತಿರುಗತ್ತೆ, ಬೇಗ ಆಗತ್ತೆ!”

“ಬೇಗ ಆಗತ್ತೆ ಮಗಾ, ಮೋಟಾರು ಸುಡೋದು!”

ಅಜ್ಜನ ಮಾತು ಸರಿ. ಮಿಕ್ಸಿಯ ಮೋಟಾರು ನಿಮಿಷಕ್ಕೆ ಸುಮಾರು 18,000 ಸುತ್ತು ತಿರುಗುತ್ತದೆ. ಅದರೊಳಗೆ ಕಾರ್ಬನ್ ಬ್ರಷ್ ಎಂಬ ಎರಡು ಪುಟ್ಟ ತುಂಡುಗಳು ಸದಾ ಉಜ್ಜುತ್ತಾ ಸವೆಯುತ್ತಿರುತ್ತವೆ. ಮಿಕ್ಸಿಯನ್ನು ತಲೆಕೆಳಗು ಮಾಡಿ ನೋಡಿ. ಐದು ನಿಮಿಷ ಓಡಿಸಿ ಎರಡು ನಿಮಿಷ ನಿಲ್ಲಿಸಿ ಎಂಬಂಥ ಸೂಚನೆ ಅಲ್ಲಿ ಅಚ್ಚಾಗಿರುವುದುಂಟು. ಐದು ನಿಮಿಷಕ್ಕೆ ಸುಸ್ತಾಗುವವನಿಗೆ 672 ಗಂಟೆಯ ಕೆಲಸ ಕೊಡುವುದೇ? ಹೊಲಿಗೆ ಯಂತ್ರದ ಪುಟ್ಟ ಮೋಟಾರೂ ಇದೇ ಜಾತಿ. ನಿಂತು ನಿಂತು ಓಡುವುದಕ್ಕೆ ಮಾಡಿದ್ದು.

ತೋಟದ ಪಂಪಿನ ಮೋಟಾರು ಆದೀತೇ? ತೋಟಗಳ ದೊಡ್ಡ ಪಂಪುಗಳು ಸಾಮಾನ್ಯವಾಗಿ ತ್ರೀ ಫೇಸ್. ಮನೆಯ ಸಾಕೆಟ್ಟಿನಲ್ಲಿ ಅವು ಓಡುವುದಿಲ್ಲ. ಬಾವಿಯ ಸಣ್ಣ ಪಂಪು ಮನೆಯ ಕರೆಂಟಿನಲ್ಲಿ ಓಡುತ್ತದೆ ನಿಜ, ಆದರೆ ಅದರ ವೇಗ ನಿಮಿಷಕ್ಕೆ ಸುಮಾರು 2880 ಸುತ್ತು. ನಮ್ಮ ಕೆಲಸಕ್ಕೆ ಅದು ಜಾಸ್ತಿ. ವಾಷಿಂಗ್ ಮಷೀನಿನ ಬಟ್ಟೆ ಒಗೆಯುವ ಮೋಟಾರಿನ ವೇಗ ಹಿಡಿಸುತ್ತದೆ, ಆದರೆ ಅದು ಸ್ವಲ್ಪ ಹೊತ್ತು ತಿರುಗಿ, ನಿಂತು, ಮತ್ತೆ ತಿರುಗಿ, ಕಾಲು ಗಂಟೆಯಲ್ಲಿ ಕೆಲಸ ಮುಗಿಸಿ ಅಭ್ಯಾಸವಾದದ್ದು. ಟೇಬಲ್ ಫ್ಯಾನಿನ ಮೋಟಾರು ರಾತ್ರಿಯಿಡೀ ಓಡುತ್ತದೆ. ಆದರೆ ತನ್ನ ರೆಕ್ಕೆಯ ಗಾಳಿಯಿಂದಲೇ ಅದು ತಣ್ಣಗಿರುವುದು. ರೆಕ್ಕೆ ತೆಗೆದರೆ ಕಾಯುತ್ತದೆ. ಬೆಲ್ಟು ಒಂದೇ ಕಡೆಗೆ ಎಳೆದರೆ ಅದರ ಬುಷ್ ಬೇಗ ಸವೆಯುತ್ತದೆ.

ಉಳಿದದ್ದು ಯಾವುದು? ಅಜ್ಜಿಯ ಹಳೆಯ ಗ್ರೈಂಡರ್. ಒರಳಿನಲ್ಲಿ ಹಿಟ್ಟು ರುಬ್ಬುವ ಕೈ ನೆನಪಿದೆಯೇ, ಅಜ್ಜಿಯಂದಿರೇ? ಅವಸರವಿಲ್ಲ, ಆದರೆ ನಿಲ್ಲುವುದೂ ಇಲ್ಲ. ಗ್ರೈಂಡರ್ ಮಾಡಿದ್ದೇ ಆ ಕೈಯ ಕೆಲಸವನ್ನು ಮಾಡಲಿಕ್ಕೆ. ಅದರ ಮೋಟಾರಿನಲ್ಲಿ ಸವೆಯುವ ಬ್ರಷ್ ಇಲ್ಲ. ಮನೆಯ ಸಣ್ಣ ಗ್ರೈಂಡರಿನ ಮೋಟಾರು ಸಾಮಾನ್ಯವಾಗಿ 150 ವ್ಯಾಟ್ ಆಸುಪಾಸಿನದು, ವೇಗ 1400ರ ಸುಮಾರು. ವೇಗ ತಗ್ಗಿಸುವ ಪುಲ್ಲಿಯೂ ಬೆಲ್ಟೂ ಅದರ ಜೊತೆಗೇ ಬರುತ್ತವೆ. ಗ್ರೈಂಡರ್ ಮೂಲೆ ಸೇರುವುದು ಹೆಚ್ಚಾಗಿ ಕಲ್ಲು ಒಡೆದೋ ಡ್ರಮ್ಮು ಸೋರಿಯೋ. ಆಗಲೂ ಮೋಟಾರು ಚೆನ್ನಾಗಿಯೇ ಇರಬಹುದು.

ಮೋಟಾರಿನ ಜಾತಕ

ಪ್ರತಿ ಮೋಟಾರಿನ ಮೈಮೇಲೂ ಒಂದು ಸಣ್ಣ ಪ್ಲೇಟು ಇರುತ್ತದೆ. ಅದೇ ಅದರ ಜಾತಕ. ಪ್ಲೇಟು ಕಿತ್ತುಹೋದ, ಇಲ್ಲವೇ ಓದಲಾಗದಷ್ಟು ಸವೆದ ಮೋಟಾರನ್ನು ಗುಜರಿ ಅಂಗಡಿಯಲ್ಲಿ ಎಷ್ಟು ಅಗ್ಗಕ್ಕೆ ಕೊಟ್ಟರೂ ಬಿಟ್ಟುಬಿಡಿ. ಪ್ಲೇಟಿನಲ್ಲಿ ನೋಡಬೇಕಾದದ್ದು ನಾಲ್ಕು.

ಮೊದಲನೆಯದು ವೋಲ್ಟು ಮತ್ತು ಫೇಸು. 230 ಅಥವಾ ಅದರ ಆಸುಪಾಸು, ಸಿಂಗಲ್ ಫೇಸ್, 50 ಹರ್ಟ್ಸ್ ಎಂದಿರಬೇಕು. 110 ವೋಲ್ಟು ಎಂದಿದ್ದರೆ ಅದು ಬೇರೆ ದೇಶದ ಯಂತ್ರದಿಂದ ಬಂದದ್ದು, ನಮ್ಮ ಸಾಕೆಟ್ಟಿಗೆ ಹಾಕಿದರೆ ಸುಟ್ಟುಹೋಗುತ್ತದೆ.

ಎರಡನೆಯದು ಶಕ್ತಿ. ವ್ಯಾಟ್‌ನಲ್ಲೋ ಎಚ್‌ಪಿಯಲ್ಲೋ ಬರೆದಿರುತ್ತದೆ. ಒಂದು ಎಚ್‌ಪಿ ಎಂದರೆ 746 ವ್ಯಾಟ್. ಅಂಗೈಯಗಲದ ಒಂದು ಡಬ್ಬ ತಿರುಗಿಸಲು 100ರಿಂದ 150 ವ್ಯಾಟ್ ಧಾರಾಳವಾಯಿತು. ದೊಡ್ಡದು ಸಿಕ್ಕಿತೆಂದು ಅರ್ಧ ಎಚ್‌ಪಿ ತಂದರೆ ಅದು ಸುಮ್ಮನೆ ಕರೆಂಟು ತಿನ್ನುತ್ತದೆ.

ಮೂರನೆಯದು ವೇಗ. ಆರ್‌ಪಿಎಂ ಎಂದರೆ ನಿಮಿಷಕ್ಕೆ ಎಷ್ಟು ಸುತ್ತು ಎಂದರ್ಥ. ಇಲ್ಲೊಂದು ಸೊಗಸಾದ ಲೆಕ್ಕವಿದೆ. ನಮ್ಮ ಮನೆಗೆ ಬರುವ ಕರೆಂಟು ಸೆಕೆಂಡಿಗೆ 50 ಸಲ ಏರಿಳಿಯುತ್ತದೆ. ನಿಮಿಷಕ್ಕೆ 3000 ಸಲ. ಎರಡು ಧ್ರುವಗಳ ಮೋಟಾರು ಆ 3000ವನ್ನು ಹಿಡಿಯಲು ಓಡುತ್ತದೆ, ನಾಲ್ಕು ಧ್ರುವಗಳದ್ದು ಅದರ ಅರ್ಧವನ್ನು, ಅಂದರೆ 1500ನ್ನು. ಎರಡೂ ಸ್ವಲ್ಪ ಹಿಂದೆ ಬೀಳುತ್ತವೆ. ಅದಕ್ಕೇ ಪ್ಲೇಟಿನ ಮೇಲೆ 2880, 1440 ಎಂಬಂಥ ಸಂಖ್ಯೆಗಳು ಕಾಣುವುದು. ನಮಗೆ ಬೇಕಾದದ್ದು 1440ರ ಸುಮಾರಿನದು.

ನಾಲ್ಕನೆಯದೇ ಬಹಳ ಮುಖ್ಯ, ಜನ ನೋಡದೆ ಬಿಡುವುದೂ ಅದನ್ನೇ. ಡ್ಯೂಟಿ ಅಥವಾ ರೇಟಿಂಗ್ ಎಂಬ ಪದ ಹುಡುಕಿ. ಅದರ ಮುಂದೆ ‘ಎಸ್1’ ಎಂದೋ ‘ಕಂಟಿನ್ಯುಯಸ್’ ಎಂದೋ ಇದ್ದರೆ ಆ ಮೋಟಾರು ಎಡೆಬಿಡದೆ ಓಡಬಲ್ಲದು. 15 ನಿಮಿಷ, 30 ನಿಮಿಷ ಎಂದು ಬರೆದಿದ್ದರೆ ಅಷ್ಟು ಹೊತ್ತಾದ ಮೇಲೆ ಅದಕ್ಕೆ ವಿಶ್ರಾಂತಿ ಬೇಕು. ಗ್ರೈಂಡರಿನದೇ ಆದರೂ ಈ ಸಾಲನ್ನು ಓದದೆ ಒಪ್ಪಿಕೊಳ್ಳಬೇಡಿ.

ಕಣ್ಣು, ಕೈ, ಮೂಗು, ಕಿವಿ

ಮನೆಯಲ್ಲಿ ಹಳೆಯ ಗ್ರೈಂಡರ್ ಇಲ್ಲದಿದ್ದರೆ ಪೇಟೆಗೆ ಹೋಗಬೇಕು. ಗುಜರಿ ಅಂಗಡಿಗಿಂತ ಮೋಟಾರು ರಿವೈಂಡಿಂಗ್ ಮಾಡುವವರ ಅಂಗಡಿ ಒಳ್ಳೆಯದು. ಯಾರೂ ಬಿಡಿಸಿಕೊಂಡು ಹೋಗದ ಮೋಟಾರುಗಳು ಅವರ ಬಳಿ ಇರುವುದುಂಟು, ಯಾವುದಕ್ಕೆ ಏನಾಗಿತ್ತು ಎಂಬುದೂ ಅವರಿಗೆ ಗೊತ್ತಿರುತ್ತದೆ. ಹೋಗುವಾಗ ಅಜ್ಜ ಜೊತೆಗಿರಲಿ. ಹಳೆಯ ಸಾಮಾನು ಕೊಳ್ಳುವಾಗ ಅವಸರಪಡದ ಗಿರಾಕಿಗೇ ಗೆಲುವು.

ಶಾಫ್ಟನ್ನು ಕೈಯಿಂದ ತಿರುಗಿಸಿ. ಬೆಣ್ಣೆಯಲ್ಲಿ ತಿರುಗಿದಂತಿರಬೇಕು. ಗರಗರ ಎಂದರೆ ಬೇರಿಂಗ್ ಹೋಗಿದೆ. ಶಾಫ್ಟನ್ನು ಎಡಕ್ಕೂ ಬಲಕ್ಕೂ ಅಲ್ಲಾಡಿಸಿ. ಗಡಗಡ ಅಲುಗಿದರೆ ಬುಷ್ ಸವೆದಿದೆ. ಬೇರಿಂಗ್ ಒಂದೇ ಹೋಗಿದ್ದರೆ ಹೊಸದು ಹಾಕಿಸಬಹುದು, ಆ ಖರ್ಚನ್ನು ಬೆಲೆಯಲ್ಲಿ ಮುರಿದುಕೊಳ್ಳಿ. ಗಾಳಿಯಾಡುವ ಕಿಂಡಿಗೆ ಮೂಗಿಟ್ಟು ನೋಡಿ. ಸುಟ್ಟ ವಾಸನೆ ಬಂದರೆ ಒಳಗಿನ ತಂತಿಯ ಮೇಲಿನ ಲೇಪ ಬೆಂದಿದೆ. ಅದನ್ನು ಅಲ್ಲೇ ಬಿಡಿ.

ಆಮೇಲಿನದು ಅಂಗಡಿಯವರ ಕೆಲಸ. ಕರೆಂಟು ಮೋಟಾರಿನ ಮೈಗೆ ಸೋರುತ್ತಿದೆಯೇ ಎಂದು ಮೆಗ್ಗರ್ ಎಂಬ ಉಪಕರಣದಿಂದ ಪರೀಕ್ಷಿಸಿ ತೋರಿಸಲು ಹೇಳಿ. ನಾಚಿಕೆ ಪಡಬೇಡಿ, ಇದು ಜೀವದ ಪ್ರಶ್ನೆ. ನಂತರ ಅರ್ಧ ಗಂಟೆ ಓಡಿಸಿ ನೋಡಲಿ. ಸದ್ದು ಮೊದಲಿನಿಂದ ಕೊನೆಯವರೆಗೆ ಒಂದೇ ಸಮನಾಗಿರಬೇಕು. ಬಂದ್ ಮಾಡಿ, ಪ್ಲಗ್ ಕಿತ್ತ ಮೇಲೆ ಅಜ್ಜ ಮೋಟಾರಿನ ಮೈಮುಟ್ಟಿ ನೋಡಲಿ. ಬೆಚ್ಚಗಿದ್ದರೆ ಸರಿ. ಭಾರವೇ ಇಲ್ಲದೆ ಓಡಿದ್ದಕ್ಕೇ ಕೈ ಇಡಲಾಗದಷ್ಟು ಕಾದಿದ್ದರೆ ಬೇಡ. ಸ್ವಿಚ್ ಹಾಕಿದಾಗ ಗುಂಯ್ ಎಂದು ತಿರುಗದೆ ನಿಂತರೆ ಕೆಪಾಸಿಟರ್ ಕೆಟ್ಟಿರಬಹುದು. ಕೆಲವರು ಅದನ್ನು ಕಂಡೆನ್ಸರ್ ಎನ್ನುತ್ತಾರೆ. ಅದನ್ನು ಬದಲಾಯಿಸುವುದು ಸಣ್ಣ ಖರ್ಚು. ಆದರೆ ಪ್ಲಗ್ ಕಿತ್ತ ಮೇಲೂ ಅದರೊಳಗೆ ಕರೆಂಟು ಉಳಿದಿರುತ್ತದೆ, ಮಕ್ಕಳು ಮುಟ್ಟುವಂತಿಲ್ಲ.

ಇಷ್ಟೆಲ್ಲ ಪರೀಕ್ಷೆಗಿಂತ ದೊಡ್ಡ ಸಾಕ್ಷಿ ಮನೆಯಲ್ಲೇ ಇರಬಹುದು. ಗ್ರೈಂಡರ್ ನಿಮ್ಮದೇ ಆದರೆ ಅಜ್ಜಿಯನ್ನು ಕೇಳಿ. ಎಷ್ಟು ವರ್ಷ ದುಡಿಯಿತು, ಯಾವಾಗಲಾದರೂ ಹೊಗೆ ಬಂದಿತ್ತೇ, ಮುಟ್ಟಿದಾಗ ಜುಮ್ ಎಂದಿತ್ತೇ, ಎಂದಾದರೂ ರಿವೈಂಡಿಂಗ್ ಆಗಿತ್ತೇ? ಹಳೆಯ ಮೋಟಾರಿಗೆ ಬರೆದಿಟ್ಟ ಚರಿತ್ರೆ ಇರುವುದಿಲ್ಲ. ಅಜ್ಜಿಗೆ ನೆನಪಿರುವ ಚರಿತ್ರೆ ಎಷ್ಟೋ ಸಲ ಅಂಗಡಿಯ ಗ್ಯಾರಂಟಿಗಿಂತ ಗಟ್ಟಿ.

ವೇಗ ಇಳಿಸುವ ಲೆಕ್ಕ

1440 ಸುತ್ತಿನ ಮೋಟಾರನ್ನು ನೇರವಾಗಿ ಡಬ್ಬಕ್ಕೆ ಜೋಡಿಸಿದರೆ ಏನಾಗುತ್ತದೆ? ನೀರಿರುವ ಬಕೆಟ್ಟನ್ನು ಜೋರಾಗಿ ಗಿರ್ರನೆ ತಿರುಗಿಸಿದರೆ ನೀರು ಚೆಲ್ಲುವುದಿಲ್ಲ, ಅಲ್ಲವೇ? ಹಾಗೆಯೇ ಕಲ್ಲುಗಳೂ ಡಬ್ಬದ ಗೋಡೆಗೆ ಅಂಟಿಕೊಂಡು ಸುತ್ತುತ್ತವೆ, ಒಂದಕ್ಕೊಂದು ಉಜ್ಜುವುದೇ ಇಲ್ಲ. 10 ಸೆಂಟಿಮೀಟರ್ ಅಗಲದ ಡಬ್ಬದಲ್ಲಿ ವೇಗ 130 ಸುತ್ತು ದಾಟುವಷ್ಟರಲ್ಲಿ ಕಲ್ಲುಗಳು ಹೀಗೆ ಅಂಟತೊಡಗುತ್ತವೆ. ಅದಕ್ಕಿಂತ ತುಸು ಕಡಿಮೆಯಿದ್ದರೆ ಮೇಲಿನಿಂದ ಧೊಪ್ಪನೆ ಬಿದ್ದು ಒಡೆಯುತ್ತವೆ. 40ರಿಂದ 50 ಸುತ್ತಿನಲ್ಲಿ ಜಾರುಬಂಡೆಯ ಮೇಲಿನ ಮಕ್ಕಳಂತೆ ಒಂದರ ಮೇಲೊಂದು ಜಾರುತ್ತವೆ. ನಮಗೆ ಬೇಕಾದದ್ದು ಅದು.

1440ನ್ನು 48ಕ್ಕೆ ಇಳಿಸೋಣ. ಮೋಟಾರಿಗೆ 5 ಸೆಂಟಿಮೀಟರಿನ ಪುಲ್ಲಿ, ಎದುರಿನ ಸಲಾಕೆಗೆ 30 ಸೆಂಟಿಮೀಟರಿನ ಪುಲ್ಲಿ. ದೊಡ್ಡದು ಆರು ಪಟ್ಟು, ಹಾಗಾಗಿ ವೇಗ ಆರನೇ ಒಂದು ಭಾಗ: 1440 ಭಾಗಿಸು 6, ಅಂದರೆ 240. ಈಗ 2 ಸೆಂಟಿಮೀಟರ್ ದಪ್ಪದ ಆ ಸಲಾಕೆಯ ಮೇಲೆ 10 ಸೆಂಟಿಮೀಟರಿನ ಡಬ್ಬ ಉರುಳುತ್ತದೆ. ಡಬ್ಬ ಐದು ಪಟ್ಟು, ಹಾಗಾಗಿ 240 ಭಾಗಿಸು 5, ಅಂದರೆ 48. ಇದೇ ಪುಲ್ಲಿಗಳಿಗೆ 2880ರ ಮೋಟಾರು ಹಾಕಿದರೆ 96 ಆಗುತ್ತದೆ, ಕಲ್ಲು ಒಡೆಯುತ್ತದೆ. 18,000ದ ಮಿಕ್ಸಿ ಹಾಕಿದರೆ ಎಷ್ಟು? ಅದನ್ನು ನೀವೇ ಲೆಕ್ಕ ಮಾಡಿ.

ಕರೆಂಟಿನ ಲೆಕ್ಕ ಅಜ್ಜನಿಗೆ. 150 ವ್ಯಾಟಿನ ಮೋಟಾರು ಪೂರ್ತಿ ಶಕ್ತಿಯಲ್ಲಿ ದಿನಕ್ಕೆ 12 ಗಂಟೆ ಓಡಿದರೆ 1.8 ಯೂನಿಟ್. ಹೊರೆ ಹಗುರವಾಗಿದ್ದರೆ ಅಷ್ಟೂ ಬೇಡ. ರಾತ್ರಿ ಎಲ್ಲರೂ ಮಲಗಿದಾಗ ಇಂಥದ್ದನ್ನು ಓಡಲು ಬಿಡುವುದು ಸರಿಯಲ್ಲ. ಬೆಳಿಗ್ಗೆ ಕಾಫಿಯ ಹೊತ್ತಿಗೆ ಹಾಕಿ, ಸಂಜೆ ದೀಪ ಹಚ್ಚುವಾಗ ಆರಿಸಿ. ನಾಲ್ಕು ವಾರದ ಕೆಲಸ ಎಂಟು ವಾರವಾಗುತ್ತದೆ, ಅಷ್ಟೇ. ಬೇಸಿಗೆ ರಜೆ ಶುರುವಾದಾಗ ಹಾಕಿದ ಕಲ್ಲು ಶಾಲೆ ಶುರುವಾಗುವ ಆಸುಪಾಸಿಗೆ ಸಿದ್ಧ. ನಡುವೆ ಕರೆಂಟು ಹೋದರೆ ಕಲ್ಲಿಗೆ ನಷ್ಟವಿಲ್ಲ. ಸ್ವಿಚ್ ಮಾತ್ರ ಆರಿಸಿ, ಕರೆಂಟು ಬಂದ ಮೇಲೆ ಎದುರಿಗೆ ನಿಂತು ಹಾಕಿ.

ಇವಿಷ್ಟು ಕಡ್ಡಾಯ

ನೀರು ಮತ್ತು ಕರೆಂಟು ಅಕ್ಕಪಕ್ಕ ಇರುವ ಕೆಲಸವಿದು. ವೈರು ಜೋಡಿಸುವುದು ಬಲ್ಲ ಎಲೆಕ್ಟ್ರಿಷಿಯನ್‌ನ ಕೆಲಸ, ಮಕ್ಕಳದೂ ಅಲ್ಲ, ಅಜ್ಜನದೂ ಅಲ್ಲ. ಮೂರು ಪಿನ್ನಿನ ಪ್ಲಗ್, ಮೋಟಾರಿನ ಮೈಗೆ ಅರ್ತಿಂಗ್, ಮನೆಯ ಬೋರ್ಡಿನಲ್ಲಿ 30 ಮಿಲಿ ಆಂಪಿಯರಿನ ಆರ್‌ಸಿಸಿಬಿ. ಈ ಮೂರೂ ಇಲ್ಲದೆ ಸ್ವಿಚ್ ಹಾಕಬಾರದು. ಡಬ್ಬ ಸೋರಿದರೂ ನೀರು ತಾಗದಂತೆ ಮೋಟಾರು ಪಕ್ಕದಲ್ಲಿ, ಎತ್ತರದಲ್ಲಿರಲಿ. ಬೆಲ್ಟಿಗೂ ಪುಲ್ಲಿಗೂ ಮುಚ್ಚಿಗೆ ಇರಲಿ. ಜಡೆ, ದುಪಟ್ಟಾ, ಸೆರಗು ಹತ್ತಿರ ಬರಬಾರದು.

ಇನ್ನೊಂದು ಅಪಾಯ ಕಣ್ಣಿಗೆ ಕಾಣುವುದಿಲ್ಲ. ಬೆಣಚುಕಲ್ಲಿನ ಒಣ ಧೂಳು ಉಸಿರಿನೊಂದಿಗೆ ಒಳಗೆ ಹೋದರೆ ಶ್ವಾಸಕೋಶದಲ್ಲಿ ಕೂತು ಸಿಲಿಕೋಸಿಸ್ ಎಂಬ ಕಾಯಿಲೆ ತರುತ್ತದೆ. ಅದು ಗುಣವಾಗುವ ಕಾಯಿಲೆಯಲ್ಲ. ಆಗಲೇ ಹೇಳಿದ ಖಂಬಾತ್‌ನಲ್ಲಿ ಕಲ್ಲನ್ನು ಒಣಗಿದ್ದಾಗಲೇ ಸಾಣೆ ಹಿಡಿಯುವ ಎಷ್ಟೋ ಕುಶಲಕರ್ಮಿಗಳ ಜೀವವನ್ನು ಇದು ತೆಗೆದಿದೆ. ನಮ್ಮ ಡಬ್ಬದಲ್ಲಿ ಕಲ್ಲು ಸದಾ ನೀರಿನೊಳಗೇ ಇರುವುದರಿಂದ ಧೂಳೇಳುವುದಿಲ್ಲ. ಕಲ್ಲು ಕತ್ತರಿಸುವ ಗರಗಸ, ಸಾಣೆಚಕ್ರಗಳ ತಂಟೆಗೆ ಮಾತ್ರ ಮಕ್ಕಳು ಹೋಗಬಾರದು. ಡಬ್ಬ ತೊಳೆದ ಕೆಸರನ್ನು ಬಚ್ಚಲಿಗೆ ಸುರಿದರೆ ಸಿಮೆಂಟಿನಂತೆ ಗಟ್ಟಿಯಾಗಿ ಪೈಪು ಕಟ್ಟುತ್ತದೆ. ಒಣಗಲು ಬಿಟ್ಟರೆ ಮತ್ತೆ ಧೂಳು. ಒದ್ದೆಯಿರುವಾಗಲೇ ಒಂದು ಗುಂಡಿಗೆ ಹಾಕಿ ಮಣ್ಣು ಮುಚ್ಚಿ.

ಇನ್ನು ಕಲ್ಲಿನ ಆಯ್ಕೆ. ನಮ್ಮ ಕಡೆಯ ಜಂಬಿಟ್ಟಿಗೆ ಕಲ್ಲು ಗೋಡೆಗೆ ಚೆನ್ನ, ಹೊಳಪಿಗಲ್ಲ. ಅದರ ಮೈತುಂಬ ತೂತು. ಕಬ್ಬಿಣದ ಮೊಳೆಯಿಂದ ಗೀರಿ ನೋಡಿ. ಗೀರು ಬಿದ್ದರೆ ಮೆದು ಕಲ್ಲು, ಬೀಳದಿದ್ದರೆ ಗಟ್ಟಿ. ಗಟ್ಟಿಯೂ ಮೆದುವೂ ಒಂದೇ ಡಬ್ಬದಲ್ಲಿ ಬೇಡ. ಗಟ್ಟಿಯದು ಮೆದುವನ್ನು ತಿಂದುಹಾಕುತ್ತದೆ. ಒಂದು ಹಂತದಿಂದ ಮುಂದಿನದಕ್ಕೆ ಹೋಗುವಾಗ ಕಲ್ಲನ್ನೂ ಡಬ್ಬವನ್ನೂ ಮೂರು ನೀರಿನಲ್ಲಿ ತೊಳೆಯಿರಿ. ದಪ್ಪ ಪುಡಿಯ ಒಂದೇ ಕಣ ಉಳಿದರೂ ವಾರದ ಕೆಲಸಕ್ಕೆ ಗೀರು ಬೀಳುತ್ತದೆ.

ಕುಪ್ಪಗಡ್ಡೆಯ ಮಕ್ಕಳಿಗೆ ಕಲ್ಲಿನ ಹೊಳಪು ನೋಡಲು ದೂರ ಹೋಗಬೇಕಾಗಿಲ್ಲ. ನಿಮ್ಮ ತಾಲ್ಲೂಕಿನ ಕುಬಟೂರಿನ ಕೈಟಭೇಶ್ವರ, ಶಿಕಾರಿಪುರ ತಾಲ್ಲೂಕಿನ ಬಳ್ಳಿಗಾವಿಯ ಕೇದಾರೇಶ್ವರ ದೇವಸ್ಥಾನಗಳಲ್ಲಿ ತಿರುಗಣಿಗೆ ಕೊಟ್ಟು ಕಡೆದಂತಿರುವ ಗುಂಡು ಕಂಬಗಳಿವೆ. ಒಂಬೈನೂರು ವರ್ಷಕ್ಕೂ ಹಿಂದಿನ ಕೆಲಸ. ವರದಾ ನದಿಯ ದಂಡೆಯ ಬನವಾಸಿ ಮಧುಕೇಶ್ವರದ ಮಂಟಪದ ಕಂಬಗಳಲ್ಲಂತೂ ಮುಖವೇ ಕಾಣುತ್ತದೆ. ಕರೆಂಟು ಇರಲಿಲ್ಲ, ಮೋಟಾರು ಇರಲಿಲ್ಲ. ಬಳಪದ ಜಾತಿಯ ಮೆದು ಕಲ್ಲು, ಉಜ್ಜುವ ಪುಡಿ, ನೀರು, ದಣಿಯದ ಕೈ ಇದ್ದವು. ಮುಂದಿನ ಸಲ ಹೋದಾಗ ಕಂಬವನ್ನು ಓರೆಯಾಗಿ ನೋಡಿ, ಗೀರು ಎಲ್ಲಾದರೂ ಉಳಿದಿದೆಯೇ ಹುಡುಕಿ.

ಈ ವಾರದ ಕೆಲಸ ಇಷ್ಟು. ಮನೆಯ ಮೋಟಾರುಗಳ ಪ್ಲೇಟನ್ನು ದೊಡ್ಡವರ ಜೊತೆ, ಪ್ಲಗ್ ಕಿತ್ತ ಮೇಲೆ ಓದಿ. ಹೆಸರು, ವ್ಯಾಟ್, ಆರ್‌ಪಿಎಂ, ಡ್ಯೂಟಿ ಎಂದು ನಾಲ್ಕು ಕಲಂ ಮಾಡಿ ಪುಸ್ತಕದಲ್ಲಿ ಬರೆಯಿರಿ. ನಿಧಾನವಾಗಿ, ನಿಲ್ಲದೆ ಓಡುವವನು ಯಾರು ಎಂದು ಅಜ್ಜ-ಅಜ್ಜಿಯ ಜೊತೆ ಕೂತು ಗುರುತಿಸಿ. ಗುಜರಿಯವರು ಬಂದು ಅಟ್ಟದ ಗ್ರೈಂಡರ್ ಕೇಳಿದರೆ, ಆ ಪಟ್ಟಿ ಮುಗಿಯುವ ತನಕ ಕೊಡಬೇಡಿ ಎಂದು ಅಜ್ಜಿಗೆ ಈಗಲೇ ಹೇಳಿಡಿ.